ಹಳೇ ನುಡಿ ಕಡತ ಮೊಬೈಲ್‌ನಲ್ಲಿ ಓದಲು ಬರುತ್ತಿಲ್ಲವೇ? ಹೀಗೆ ಮಾಡಿ

ಬಂಟ್ವಾಳ: ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿಗಳಲ್ಲಿ ಹಿಂದೆ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಅರ್ಜಿ, ಕರಾರುಪತ್ರವನ್ನು ಫೋನ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಬಹುದು. ಕಡತ ಹಾಳಾಗಿಲ್ಲ, ಡಿಲೀಟ್ ಮಾಡಬೇಡಿ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿವೆ, ಅಷ್ಟೆ.

ಹಳೆಯದಕ್ಕೆ: ಅರವಿಂದ ವಿ.ಕೆ. ರೂಪಿಸಿದ ಉಚಿತ ಆಸ್ಕಿ–ಯೂನಿಕೋಡ್ ಪರಿವರ್ತಕ ಬ್ರೌಸರ್‌ನಲ್ಲೇ ಸಿಗುತ್ತದೆ. ಕಾಪಿ, ಪೇಸ್ಟ್ ಮಾಡಿದರಾಯಿತು. ಹೆಸರು, ಸರ್ವೆ ನಂಬರ್, ಒತ್ತಕ್ಷರ ಮಾತ್ರ ಮೂಲದೊಂದಿಗೆ ತಾಳೆ ನೋಡಿ.

ಹೊಸದಕ್ಕೆ: ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ಕೀಲಿಮಣೆಗೆ ಅಡಿಪಾಯ ಹಾಕಿದವರು ಇದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ.ರಾವ್, ಬೆರಳಿಗೆ ಕೂತ ಆ ಅಭ್ಯಾಸ ಬಿಡಬೇಕಾಗಿಲ್ಲ, ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ.

ಪಿಡಿಎಫ್‌ಗೆ: ಉಚಿತ ಲಿಬ್ರೆ ಆಫೀಸ್ ಸಾಕು. ಆಧಾರ್ ನಂಬರ್ ಇರುವ ಅರ್ಜಿಯನ್ನು ಗೊತ್ತಿಲ್ಲದ ವೆಬ್‌ಸೈಟ್‌ಗೆ ಹಾಕುವುದು ತಪ್ಪುತ್ತದೆ.