ಭಾಷಣ ಮುಗಿದ ಮೇಲೆ: 1849ರ ಮುಂಬಯಿಯ ಒಂದು ಪ್ರಬಂಧದ ಕತೆ

ವಿಡಿಯೊದಲ್ಲಿ ಹೇಳಿದ್ದನ್ನೇ ಓದುವವರ ಅನುಕೂಲಕ್ಕೆ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕ್ತಾ ಇದ್ದೇನೆ. ಮಾತಿನ ಧಾಟಿ ಪೂರ್ತಿ ಹೋಗಿಲ್ಲ, ಅದಕ್ಕೆ ಕ್ಷಮೆ ಇರಲಿ.

ನಮ್ಮ ಉಪನಗರದ ಸಂಘದಲ್ಲಿ ಪ್ರತಿ ತಿಂಗಳು ಒಂದು ಉಪನ್ಯಾಸ ನಡೆಯುತ್ತದೆ. ಯಕ್ಷಗಾನ ಇಟ್ಟರೆ ಕುರ್ಚಿ ಸಾಲುವುದಿಲ್ಲ. ಉಪನ್ಯಾಸ ಅಂದರೆ ಹದಿನೈದು ಜನ, ಅದರಲ್ಲಿ ನಾಲ್ಕು ಜನ ಪದಾಧಿಕಾರಿಗಳು. ಹೋದ ತಿಂಗಳ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರು ನೇರವಾಗಿಯೇ ಕೇಳಿದ್ರು: "ಇಷ್ಟು ವರ್ಷ ಭಾಷಣ ಮಾಡಿಸಿದ್ದೇವಲ್ಲ, ಅದರಿಂದ ಏನಾಯ್ತು ಹೇಳಿ. ಹಾಲ್ ಬಾಡಿಗೆ ದಂಡ." ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಸಿಟ್ಟು ಬಂತು, ಆದರೆ ಸಿಟ್ಟು ಉತ್ತರ ಅಲ್ಲ. ರಾತ್ರಿ ಲೋಕಲ್‌ನಲ್ಲಿ ಮನೆಗೆ ಬರುವಾಗ ನೆನಪಾದದ್ದು ಇದೇ ಊರಿನ, ನೂರಾ ಎಪ್ಪತ್ತೈದಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಸಭೆ.

ಅದಕ್ಕೆ ಮೊದಲು ಆಗಿನ ಮುಂಬಯಿಯಲ್ಲಿ ವಿದ್ವತ್ ಸಭೆ ಅಂದ್ರೆ ಏನಿತ್ತು ಅಂತ ಒಂದು ಮಾತು. 1804ರಲ್ಲಿ ಲಿಟರರಿ ಸೊಸೈಟಿ ಆಫ್ ಬಾಂಬೆ ಹುಟ್ಟಿತು. ಈಗಿನ ಏಷಿಯಾಟಿಕ್ ಸೊಸೈಟಿಯ ಮೂಲ ಅದು. ಹಾರ್ನಿಮನ್ ಸರ್ಕಲ್ ಎದುರಿನ ಟೌನ್ ಹಾಲ್‌ನ ಆ ಎತ್ತರದ ಬಿಳಿ ಮೆಟ್ಟಿಲು ನೋಡಿದ್ದೀರಲ್ಲ, ಸಿನಿಮಾದವರ ಪ್ರೀತಿಯ ಮೆಟ್ಟಿಲು, ಅಲ್ಲೇ ಅದರ ಮನೆ. ಭಾರತದ ಬಗ್ಗೆ ಅಲ್ಲಿ ಭಾರೀ ಪಾಂಡಿತ್ಯದ ಪ್ರಬಂಧಗಳನ್ನು ಓದುತ್ತಿದ್ದರು. ಆದರೆ ಮೊದಲ ದಶಕಗಳಲ್ಲಿ ಓದುವವರೂ ಸಾಹೇಬರು, ಕೇಳುವವರೂ ಸಾಹೇಬರು. ನಮ್ಮ ದೇಶದ ವಿಷಯ, ನಮ್ಮವರಿಗೇ ಕುರ್ಚಿ ಇಲ್ಲ.

ಆ ಕುರ್ಚಿಯನ್ನು ತಾವೇ ಮಾಡಿಕೊಂಡವರು ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್ ಹುಡುಗರು. 1848ರ ಜೂನ್ 13ರಂದು ಅವರು ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿ ಕಟ್ಟಿದರು. ಪ್ರೊಫೆಸರ್ ಪ್ಯಾಟನ್ ಬೆನ್ನಿಗೆ ನಿಂತರು, ಮೊದಲ ಅಧ್ಯಕ್ಷರೂ ಅವರೇ. ಸೇರಿದವರಲ್ಲಿ ಒಬ್ಬರು ದಾದಾಭಾಯಿ ನವರೋಜಿ, ಆಗ ವಯಸ್ಸು ಇಪ್ಪತ್ತೆರಡು. ಹೌದು, ನಮ್ಮ ಡಿ.ಎನ್. ರೋಡ್‌ನ ದಾದಾಭಾಯಿಯೇ. ಫೋರ್ಟ್‌ನಲ್ಲಿರುವ ಪ್ರತಿಮೆಯಲ್ಲಿ ಅವರು ಗಡ್ಡದ ಅಜ್ಜ, ಹಾಗಾಗಿ ಹುಡುಗ ದಾದಾಭಾಯಿಯನ್ನು ಕಲ್ಪಿಸಿಕೊಳ್ಳೋದು ಕಷ್ಟ.

ಸಭೆಯ ಕ್ರಮ ಸರಳ. ಒಬ್ಬ ಪ್ರಬಂಧ ಬರೆದು ತಂದು ಓದಬೇಕು, ಉಳಿದವರು ಅದನ್ನು ಹಿಡಿದು ಜಗ್ಗಾಡಬೇಕು. ಇದೆಲ್ಲ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಗೊತ್ತಿದ್ದವರು ಊರಲ್ಲಿ ಬೆರಳೆಣಿಕೆ, ಹಾಗಾಗಿ ಬೇಗನೆ ಎರಡು ಶಾಖೆಗಳಾದವು: ಗುಜರಾತಿಗೆ ಒಂದು, ಮರಾಠಿಗೆ ಒಂದು. ಹೆಸರು ಜ್ಞಾನಪ್ರಸಾರಕ. ಅಲ್ಲಿ ಜನರ ಭಾಷೆಯಲ್ಲೇ ವಿಜ್ಞಾನ, ಚರಿತ್ರೆ, ಲೋಕವ್ಯವಹಾರ. ಆಮೇಲೆ ಅದೇ ಹೆಸರಿನ ಪತ್ರಿಕೆಗಳೂ ಬಂದವು.

ಎರಡು ವಿಷಯಗಳನ್ನು ಮಾತ್ರ ಬಾಗಿಲ ಹೊರಗೆ ಇಟ್ಟಿದ್ದರು, ಧರ್ಮ ಮತ್ತು ರಾಜಕೀಯ. ಹೆದರಿಕೆ ಅಂತ ನಗಬೇಡಿ. 1839ರಲ್ಲಿ ಪಾದ್ರಿ ಜಾನ್ ವಿಲ್ಸನ್ (ಚೌಪಾಟಿಯ ವಿಲ್ಸನ್ ಕಾಲೇಜಿನ ಹೆಸರಿನವರು) ಇಬ್ಬರು ಪಾರ್ಸಿ ಹುಡುಗರಿಗೆ ದೀಕ್ಷಾಸ್ನಾನ ಕೊಟ್ಟು ಇಡೀ ಊರು ಹೊತ್ತಿ ಉರಿದಿತ್ತು, ಕೋರ್ಟಿನವರೆಗೂ ಹೋಗಿತ್ತು. ಇಂಗ್ಲಿಷ್ ಓದಿದ ಹುಡುಗ ಮನೆಯಿಂದ ಕೈ ತಪ್ಪುತ್ತಾನೆ ಅನ್ನೋ ಭಯ ಪ್ರತಿ ಅಪ್ಪನ ಎದೆಯಲ್ಲಿತ್ತು. ಮುಖ್ಯ ನ್ಯಾಯಾಧೀಶರ ಸ್ಥಾನಕ್ಕೇರಿದ ಅರ್ಸ್ಕಿನ್ ಪೆರಿ ಅವರು ದಾದಾಭಾಯಿಯನ್ನು ಕಾನೂನು ಓದಲು ಇಂಗ್ಲೆಂಡಿಗೆ ಕಳಿಸೋಣ, ಅರ್ಧ ಖರ್ಚು ನಾನೇ ಹಾಕ್ತೇನೆ ಅಂದಾಗಲೂ ಸಮಾಜದ ಹಿರಿಯರು ಒಪ್ಪಲಿಲ್ಲ. ಕಾರಣ ಇದೇ, ಅಲ್ಲಿ ಹೋಗಿ ಕ್ರಿಶ್ಚಿಯನ್ ಆಗಿಬಿಟ್ಟರೆ?

ರಾಜಕೀಯದ ವಿಷಯಕ್ಕೆ ಬಂದರೆ, ಸಭಾಂಗಣ ಕೊಟ್ಟವರಿಗೆ ಮಾತು ಹಿಡಿಸದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಕಲ್ಕತ್ತದಲ್ಲಿ ಆಗಲೇ ಒಂದು ಉದಾಹರಣೆ ಇತ್ತು. 1843ರ ಫೆಬ್ರವರಿ 8. ಸಾಧಾರಣ ಜ್ಞಾನೋಪಾರ್ಜಿಕಾ ಸಭಾ, ಜಾಗ ಹಿಂದೂ ಕಾಲೇಜು. ದಕ್ಷಿಣಾರಂಜನ ಮುಖರ್ಜಿ ಅವರು ಕಂಪನಿ ಸರಕಾರದ ಕ್ರಿಮಿನಲ್ ಕೋರ್ಟು ಮತ್ತು ಪೊಲೀಸರ ಸ್ಥಿತಿಗತಿಯ ಮೇಲೆ ಪ್ರಬಂಧ ಓದುತ್ತಿದ್ದರು. ಕಾಲೇಜಿನ ಪ್ರಿನ್ಸಿಪಾಲ್ ಕ್ಯಾಪ್ಟನ್ ರಿಚರ್ಡ್‌ಸನ್ ನಡುವೆಯೇ ಎದ್ದು, ಈ ಜಾಗವನ್ನು ರಾಜದ್ರೋಹದ ಗುಹೆ ಮಾಡಲು ಬಿಡುವುದಿಲ್ಲ ಅನ್ನೋ ಅರ್ಥದಲ್ಲಿ ಗದರಿದರು. ಅಧ್ಯಕ್ಷರಾಗಿದ್ದ ತಾರಾಚಂದ್ ಚಕ್ರವರ್ತಿ ಬಗ್ಗಲಿಲ್ಲ. ನೀವಿಲ್ಲಿ ಅತಿಥಿ, ಸಭೆಯನ್ನು ಅವಮಾನಿಸಿದ್ದೀರಿ, ಮಾತು ಹಿಂದೆ ತಗೊಳ್ಳದಿದ್ದರೆ ಕಾಲೇಜಿನ ಕಮಿಟಿಗೆ, ಬೇಕಾದರೆ ಸರಕಾರಕ್ಕೇ ಬರೆಯುತ್ತೇವೆ ಅಂದರು. ಪ್ರಿನ್ಸಿಪಾಲರ ಎದುರು, ಅವರದೇ ಕಾಲೇಜಿನಲ್ಲಿ! ನನಗಂತೂ ಇದು ಯಾವ ಯುದ್ಧದ ಕತೆಗೂ ಕಡಿಮೆ ಅಲ್ಲ.

ಮುಂಬಯಿಯ ಹುಡುಗರು ಅಂಥ ಜಗಳಕ್ಕೆ ಹೋಗಲಿಲ್ಲ. ಆದ್ರೆ ಅವರ ಜಗಳ ಬೇರೆ ಕಡೆಯಿಂದ ಬಂತು, ಸ್ವಂತ ಮನೆಗಳ ಒಳಗಿಂದ.

1849ರ ಆಗಸ್ಟ್ 4. ಬೆಹ್ರಾಮ್‌ಜಿ ಖುರ್ಶೆದ್‌ಜಿ ಗಾಂಧಿ ಎಂಬ ಸದಸ್ಯರು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಪ್ರಬಂಧ ಓದಿದರು. ವಿಷಯ ಹೊಸದಲ್ಲ. ಅಮೆರಿಕನ್ ಮಿಷನ್‌ನವರು ಮುಂಬಯಿಯಲ್ಲಿ 1824ರಷ್ಟು ಹಿಂದೆಯೇ ಹುಡುಗಿಯರ ಶಾಲೆ ತೆರೆದಿದ್ದರು. ಪುಣೆಯಲ್ಲಿ 1848ರಲ್ಲೇ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಭಿಡೆ ವಾಡೆಯಲ್ಲಿ ಶುರು ಮಾಡಿಯಾಗಿತ್ತು. ಪುಣೆಯ ಗೆಳೆಯರು ಈ ಮಾತು ಬರೋದನ್ನೇ ಕಾಯ್ತಾ ಇರ್ತಾರೆ, ಹೇಳಿಬಿಟ್ಟೆ. ಪ್ರಬಂಧ ಓದುವುದು, ಚಪ್ಪಾಳೆ, ವಂದನಾರ್ಪಣೆ. ಅಲ್ಲಿಗೆ ಮುಗಿಯಬಹುದಿತ್ತು. ನಮ್ಮಲ್ಲಿ ಮುಗಿಯುವ ಹಾಗೆ.

ಮುಗಿಯಲಿಲ್ಲ. ಸದಸ್ಯರಿಗೆ ಒಂದು ಸಂಕೋಚ ಹಿಡಿಯಿತು ಅಂತ ನನ್ನ ಓದು. ಹೆಣ್ಣುಮಕ್ಕಳಿಗೆ ವಿದ್ಯೆ ಬೇಕು ಅಂತ ಎಲ್ಲರೂ ಒಪ್ಪಿದ ಮೇಲೆ, ಕಲಿಸುವವರು ಯಾರು? ಸರಕಾರ ದುಡ್ಡು ಕೊಡುವುದಿಲ್ಲ. ಮಿಷನರಿ ಶಾಲೆಗೆ ಮನೆಯವರು ಕಳಿಸುವುದಿಲ್ಲ. ಉಳಿದವರು ಯಾರು ಅಂದ್ರೆ, ಅಲ್ಲೇ ಕೂತಿದ್ದ ತಾವೇ. ಹಾಗೆ ಸದಸ್ಯರೇ ಸಂಬಳವಿಲ್ಲದೆ, ತಮ್ಮ ಓದು–ಕೆಲಸ ಬಿಟ್ಟು ಉಳಿದ ಹೊತ್ತಿನಲ್ಲಿ ಪಾಠ ಮಾಡುವುದು ಅಂತ ತೀರ್ಮಾನವಾಯಿತು.

ಆಮೇಲೆ ಶುರುವಾದದ್ದು ಮೆಟ್ಟಿಲು ಹತ್ತುವ ಕೆಲಸ. ಟೌನ್ ಹಾಲ್ ಮೆಟ್ಟಿಲಲ್ಲ, ಮನೆ ಮನೆಯ ಮೆಟ್ಟಿಲು. ದಾದಾಭಾಯಿ ಮತ್ತು ಗೆಳೆಯರು ಬಾಗಿಲು ತಟ್ಟಿ ಕೇಳುತ್ತಿದ್ದರು: ನಿಮ್ಮ ಜಗಲಿಯಲ್ಲೇ ಕೂತು, ನಿಮ್ಮ ಕಣ್ಣೆದುರೇ, ನಿಮ್ಮ ಮಗಳಿಗೆ ಓದು–ಬರಹ–ಲೆಕ್ಕ ಕಲಿಸಬಹುದಾ? ಕೆಲವರು ಒಪ್ಪಿದರು. ಇನ್ನು ಕೆಲವು ಅಪ್ಪಂದಿರು, ಮತ್ತೆ ಬಂದರೆ ಮೆಟ್ಟಿಲಿನಿಂದ ಕೆಳಗೆ ಉರುಳಿಸುತ್ತೇವೆ ಅಂತ ಬೆದರಿಸಿ ಕಳಿಸಿದರು. ಆ ಅಪ್ಪಂದಿರನ್ನು ಖಳನಾಯಕರು ಅಂತ ನಾನು ಅನ್ನೋದಿಲ್ಲ. ಬೆಳೆದು ನಿಂತ ಒಬ್ಬ ಹುಡುಗ ಬಂದು ನಿಮ್ಮ ಎಂಟು ವರ್ಷದ ಮಗಳಿಗೆ ನಾನು ಪಾಠ ಹೇಳ್ತೇನೆ ಅಂದರೆ, ಮುಂದೆ ಅವಳ ಮದುವೆಯ ಗತಿ ಏನು ಅಂತ ಯೋಚಿಸುವ ಕಾಲ ಅದು. 1839ರ ಗಾಯ ಬೇರೆ ಹಸಿಯಾಗಿತ್ತು.

ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಶಾಲೆಗಳು ನಡೆಯತೊಡಗಿದವು. ಸೇರಿದವರು 44 ಪಾರ್ಸಿ ಹುಡುಗಿಯರು, 24 ಹಿಂದೂ ಹುಡುಗಿಯರು. ಒಟ್ಟು 68. ಇಷ್ಟು ದೊಡ್ಡ ಊರಿಗೆ ಅರವತ್ತೆಂಟು. ಆಮೇಲೆ ಹಣವಂತರು ಒಲಿದರು: ಪಾರ್ಸಿ ಶಾಲೆಗಳಿಗೆ ಕಾಮಾ ಮನೆತನ, ಹಿಂದೂ ಹುಡುಗಿಯರ ಶಾಲೆಗೆ ಜಗನ್ನಾಥ ಶಂಕರಶೇಟ್. ಗ್ರಾಂಟ್ ರೋಡ್ ಹತ್ತಿರದ ನಾನಾ ಚೌಕ್ ಅಂತೀವಲ್ಲ, ಆ ನಾನಾ ಇವರೇ. ಹಣ ಬಂದದ್ದು ಹುಡುಗರು ಮೊದಲು ಜಗಲಿಯಲ್ಲಿ ಕೂತು ತೋರಿಸಿದ ಮೇಲೆ ಅನ್ನೋ ಅನುಕ್ರಮ ಗಮನಿಸಿ.

ಈಗ ಒಂದು ತಕರಾರು, ನನ್ನದೇ. ಆ ಆಗಸ್ಟ್ ಸಂಜೆ ಹೆಣ್ಣುಮಕ್ಕಳ ಬಗ್ಗೆ ಚರ್ಚಿಸಿದ ಸಭೆಯ ಸದಸ್ಯರೆಲ್ಲ ಗಂಡಸರು. ಯಾರ ಬಗ್ಗೆ ಮಾತೋ ಅವರ ಬಾಯಿಗೆ ಮಾತಿಲ್ಲ. ಟೌನ್ ಹಾಲ್‌ನಲ್ಲಿ ಭಾರತದ ಬಗ್ಗೆ ಸಾಹೇಬರೇ ಮಾತಾಡಿಕೊಂಡ ಹಾಗೆಯೇ ಆಯ್ತಲ್ಲ ಇದೂ? ಆ ಕೊರತೆ ತುಂಬಲು ಮೂರು ದಶಕ ಬೇಕಾಯಿತು, ತುಂಬಿದವರಲ್ಲಿ ಒಬ್ಬರು ನಮ್ಮ ನೆಲದಲ್ಲಿ ಹುಟ್ಟಿದವರು. ಪಂಡಿತಾ ರಮಾಬಾಯಿ, ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಪಂಡಿತರ ಸಿಟ್ಟಿಗೆ ಗುರಿಯಾಗಿ ಆ ಕಾಡು ಸೇರಿದ್ದವರು. ಆ ಮನೆಯ ಮಗಳು 1878ರಲ್ಲಿ ಕಲ್ಕತ್ತದ ಪಂಡಿತರ ಎದುರು ನಿಂತು ಮಾತಾಡಿ ಬಿರುದು ಪಡೆದರು. 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, ಅದೇ ವರ್ಷ ಸರಕಾರದ ಹಂಟರ್ ಆಯೋಗದ ಎದುರು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕು ಅಂತ ಸಾಕ್ಷ್ಯ ಕೊಟ್ಟರು. 1849ರಲ್ಲಿ ಜಗಲಿಯ ಮೇಲೆ ಕೂತಿದ್ದ ಹುಡುಗಿಯರ ಮಕ್ಕಳ ವಯಸ್ಸಿನವರು ರಮಾಬಾಯಿ.

ದಾದಾಭಾಯಿ ಕಡೆ ವಾಪಸ್ ಬರ್ತೇನೆ, ಯಾಕೆಂದ್ರೆ ಈ ಅಭ್ಯಾಸ ಅವರನ್ನು ಬಿಡಲಿಲ್ಲ. 1866ರಲ್ಲಿ ಲಂಡನ್ನಿನ ಎಥ್ನಾಲಾಜಿಕಲ್ ಸೊಸೈಟಿಯಲ್ಲಿ ಜಾನ್ ಕ್ರಾಫರ್ಡ್ ಎಂಬ ದೊಡ್ಡ ವಿದ್ವಾಂಸರು, ಏಷ್ಯಾದವರು ಬುದ್ಧಿಯಲ್ಲೂ ನಡತೆಯಲ್ಲೂ ಯುರೋಪಿನವರಿಗಿಂತ ಕೀಳು ಅಂತ ಪ್ರಬಂಧ ಓದಿದರು. ಅವರು ಅದೇ ಸೊಸೈಟಿಯ ಅಧ್ಯಕ್ಷರೂ ಹೌದು. ಮಾರ್ಚ್ 27ರಂದು ದಾದಾಭಾಯಿ ಅಲ್ಲೇ ನಿಂತು ಉತ್ತರ ಓದಿದರು. ಕೂಗಾಟವಿಲ್ಲ. ಯುರೋಪಿನ ವಿದ್ವಾಂಸರೇ ನಮ್ಮ ಸಾಹಿತ್ಯದ ಬಗ್ಗೆ, ನಮ್ಮ ಜನರ ನಡತೆಯ ಬಗ್ಗೆ ಬರೆದದ್ದನ್ನು ಒಂದೊಂದಾಗಿ ಮುಂದಿಟ್ಟರು.

ಮರುವರ್ಷ, 1867ರ ಮೇ 2ರಂದು, ಈಸ್ಟ್ ಇಂಡಿಯಾ ಅಸೋಸಿಯೇಷನ್‌ನಲ್ಲಿ ಇನ್ನೊಂದು ಪ್ರಬಂಧ: ಭಾರತದಲ್ಲಿ ಎತ್ತುವ ಕಂದಾಯದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ದೇಶ ಬಿಟ್ಟು ಇಂಗ್ಲೆಂಡಿಗೆ ಹರಿದುಹೋಗುತ್ತಿದೆ ಅಂತ. 1876ರಲ್ಲಿ ಅದೇ ಸಂಘದ ಮುಂಬಯಿ ಶಾಖೆಯಲ್ಲಿ ಭಾರತದ ಬಡತನದ ಬಗ್ಗೆ ಓದಿದರು. ತಲಾ ವರಮಾನ ವರ್ಷಕ್ಕೆ ಸುಮಾರು 20 ರೂಪಾಯಿ ಅನ್ನೋ ಅವರ ಲೆಕ್ಕ ಬಂದದ್ದು ಅಲ್ಲಿ. ಮುಂದೆ ಸ್ವಾತಂತ್ರ್ಯ ಹೋರಾಟದ ಬೆನ್ನೆಲುಬಾದ ಸಂಪತ್ತಿನ ಸೋರಿಕೆಯ ವಾದ ಪುಸ್ತಕವಾಗಿ ಗಟ್ಟಿಯಾದದ್ದು 1901ರಲ್ಲಿ. ಅದಕ್ಕೆ ಮೊದಲು ಮೂವತ್ತು ವರ್ಷಕ್ಕೂ ಮಿಕ್ಕಿ ಅದು ಸಭೆ ಸಭೆಗಳಲ್ಲಿ ಓದಿಸಿಕೊಂಡು, ಬೈಸಿಕೊಂಡು ಬೆಳೆಯಿತು. ಎದುರು ಕೂತು ತಪ್ಪು ಹುಡುಕುವವರು ಇಲ್ಲದಿದ್ದರೆ ಆ ಅಂಕಿಗಳು ಅಷ್ಟು ಗಟ್ಟಿಯಾಗ್ತಿದ್ದವಾ? ನನಗೆ ಅನುಮಾನ.

ಆಗ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಇದೇ ಮುಂಬಯಿ ಪ್ರಾಂತದೊಳಗಿದ್ದವು. 1890ರ ಜುಲೈ 20ರಂದು ಧಾರವಾಡದಲ್ಲಿ ರಾ. ಹ. ದೇಶಪಾಂಡೆ ಮತ್ತು ಗೆಳೆಯರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಆ ಭಾಗದ ಶಾಲೆ–ಕಚೇರಿಗಳಲ್ಲಿ ಮರಾಠಿಯ ಒತ್ತಡದಡಿ ಕನ್ನಡ ಉಸಿರಾಡಲು ಒದ್ದಾಡುತ್ತಿದ್ದ ಕಾಲ. ಅದರದ್ದೇ ಒಂದು ದೊಡ್ಡ ಕತೆ, ಬೇರೆ ವಿಡಿಯೊ ಮಾಡ್ತೇನೆ.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಈ ತಿಂಗಳ ಸಮಿತಿಗೆ ಹೋದೆ. ಓದಿದೆ. ಹಾಲ್ ಬಾಡಿಗೆ ಅಂದವರೇ ಮೊದಲು ಮಾತಾಡಿದ್ದು: "ಅವರು ಜಗಲಿಯಲ್ಲಿ ಕೂತು ಕಲಿಸಿದ್ರು ಸರಿ ಮಾರಾಯ್ರೆ, ನಾವು ಏನು ಕಲಿಸೋದು?" ಎದುರು ಕಟ್ಟಡದ ನಾಲ್ಕು ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಅಂತ ನಮ್ಮ ಖಜಾಂಚಿ ಅಕ್ಕ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಉಪನ್ಯಾಸ ನಿಲ್ಲಿಸುವ ವಿಷಯ ಮುಂದಕ್ಕೆ ಹೋಯಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಹಾಲ್‌ನಲ್ಲಿ ಅಕ್ಷರ ಕಲಿಸಲು ನಾನು, ಅಕ್ಕ, ಮತ್ತೆ ಆ ಬಾಡಿಗೆಯವರು ಹೆಸರು ಕೊಟ್ಟಿದ್ದೇವೆ.

ಎಷ್ಟು ಕುರ್ಚಿ ಹಾಕಿಸೋದು ಅಂತ ಕೇಳಿದ್ರು. ಸದ್ಯಕ್ಕೆ ಒಂದು ಜಮಖಾನೆ ಸಾಕು ಅಂದೆ.