ಪರಿಗ್ರಹ ಪರಿಮಾಣ ವ್ರತ ಮತ್ತು ಮನೆಯ ಖರೀದಿ

ಶ್ರಾವಕರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳಿಗೆ ಪೂರ್ಣ ಅಪರಿಗ್ರಹ. ಗೃಹಸ್ಥರಿಗೆ ತಮ್ಮ ಸ್ವತ್ತಿಗೆ ತಾವೇ ಹಾಕಿಕೊಳ್ಳುವ ಮಿತಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣ ಎಂಬ ಹೆಸರೂ ಇದೆ. ತತ್ತ್ವಾರ್ಥಸೂತ್ರವು ಪರಿಗ್ರಹವೆಂದರೆ ಮೂರ್ಛೆ, ಅಂದರೆ ವಸ್ತುವಿನ ಮೇಲಿನ ಮೋಹ ಎಂದು ತಿಳಿಸುತ್ತದೆ.

ಗೊರೇಬಾಳ, ಸಿಂಧನೂರು, ಮಸ್ಕಿ ಭಾಗದ ಮನೆಗಳಿಗೆ ಈ ವ್ರತ ಬಹಳ ಹತ್ತಿರದ ವಿಷಯ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಇಲ್ಲಿ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಸುಗ್ಗಿಗೆ ಒಮ್ಮೆಲೇ ಬರುತ್ತದೆ. ಭತ್ತ ಮಾರಿದ ವಾರದಲ್ಲೇ ಮನೆಗೆ ಹೊಸ ಸಾಮಾನು ಬರುವುದು ರೂಢಿ. ರೈತರನ್ನು ನಂಬಿದ ಅಂಗಡಿಕಾರರ ಮನೆಯದೂ ಅದೇ ಕಥೆ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಮುಂದಿನ ಬೆಳೆಯ ಚಿಂತೆಗೆ ಬಿತ್ತು. ಕಾಲುವೆ ನೀರು ತಪ್ಪಬಹುದು, ಕಂತು ತಪ್ಪುವುದಿಲ್ಲ. ತಿಂಗಳಿಗೆ 1,500 ರೂಪಾಯಿಯ ಬೇಡವಾದ ಖರೀದಿ ನಿಲ್ಲಿಸಿದರೆ ವರ್ಷಕ್ಕೆ 18,000 ಉಳಿಯುತ್ತದೆ. ಬೆಳೆ ಕೈಕೊಟ್ಟ ವರ್ಷ ಮನೆಯನ್ನು ನಡೆಸುವುದು ಅಂಥ ದುಡ್ಡೇ.

ಈ ಮಾತು ಜೈನರದ್ದು ಮಾತ್ರವಲ್ಲ. ಮಸ್ಕಿಯ ಬಂಡೆ ಶಾಸನ 1915ರಲ್ಲಿ ಸಿಕ್ಕಿತು. ಅಶೋಕನ ಹೆಸರು ಅದರಲ್ಲಿದ್ದುದರಿಂದ ದೇವಾನಾಂಪ್ರಿಯ ಯಾರೆಂಬುದು ಖಚಿತವಾಯಿತು. ಅದೇ ಅರಸನ ಮೂರನೆಯ ಶಿಲಾಶಾಸನ (ಇದು ಮಸ್ಕಿಯಲ್ಲಿಲ್ಲ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ) ಕಡಿಮೆ ಖರ್ಚನ್ನೂ ಕಡಿಮೆ ಭಾಂಡವನ್ನೂ ಒಳ್ಳೆಯದೆಂದು ಪ್ರಜೆಗಳಿಗೆ ತಿಳಿಸುತ್ತದೆ. ಈ ಭಾಗದವರು ಇವತ್ತಿಗೂ ಹೇಳುವ ‘ಬಾಂಡೆ ಸಾಮಾನು’ ಎಂಬುದರಲ್ಲಿ ಇರುವುದು ಅದೇ ಭಾಂಡ.

ವ್ರತದಲ್ಲಿ ಎಣಿಸಬೇಕಾದ ಬಾಬುಗಳನ್ನು ತತ್ತ್ವಾರ್ಥಸೂತ್ರವೇ ಕೊಟ್ಟಿದೆ: ಹೊಲ-ಮನೆ, ಬೆಳ್ಳಿ-ಬಂಗಾರ, ದನ-ಧಾನ್ಯ, ಆಳುಕಾಳು, ಬಟ್ಟೆ-ಪಾತ್ರೆ. ಹಾಕಿಕೊಂಡ ಮಿತಿ ಮೀರುವುದು ಅತಿಚಾರ. ಮನುಷ್ಯ ಇದರಲ್ಲೂ ಜಾಣತನ ಮಾಡುತ್ತಾನೆಂದು ಆಚಾರ್ಯರಿಗೆ ಗೊತ್ತಿತ್ತು. 12ನೇ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅಂಥ ಉಪಾಯಗಳನ್ನೇ ಹೆಸರಿಸಿದ್ದಾರೆ: ನಡುವಿನ ಗೋಡೆ ತೆಗೆದು ಎರಡು ಮನೆಯನ್ನು ಒಂದೆಂದು ಎಣಿಸುವುದು, ಸಂಖ್ಯೆ ಮೀರಬಾರದೆಂದು ಸಣ್ಣ ಪಾತ್ರೆಗಳನ್ನು ಸೇರಿಸಿ ಒಂದು ದೊಡ್ಡ ಪಾತ್ರೆ ಮಾಡಿಸುವುದು, ಹೆಚ್ಚಾದ ಬಂಗಾರವನ್ನು ಬೇರೆಯವರ ಕೈಯಲ್ಲಿಡುವುದು. ಅಲ್ಮಾರಿ ತುಂಬಿತೆಂದು ಇನ್ನೊಂದು ಅಲ್ಮಾರಿ ತರುವುದನ್ನು ಆ ಪಟ್ಟಿಗೆ ಇಂದು ಸೇರಿಸಬಹುದು.

ಮಿತಿ ಎಂದರೆ ಬಡತನವಲ್ಲ. ಉಪಾಸಕದಶಾಂಗದ ಆನಂದ ಶ್ರಾವಕ ಮಹಾ ಶ್ರೀಮಂತ. ಭಗವಾನ್ ಮಹಾವೀರರ ಮುಂದೆ ವ್ರತ ಸ್ವೀಕರಿಸಿದಾಗ ಆತ ಉಳಿಸಿಕೊಂಡದ್ದು ಹನ್ನೆರಡು ಕೋಟಿ ಹೊನ್ನು, ನಲವತ್ತು ಸಾವಿರ ಗೋವು, ಐನೂರು ನೇಗಿಲ ಹೊಲ. ಆದರೆ ಮೈ ಒರೆಸಲು ಒಂದೇ ಬಗೆಯ ವಸ್ತ್ರ, ಸ್ನಾನಕ್ಕೆ ಎಂಟು ಕೊಡ ನೀರು ಎಂದು ನಿತ್ಯದ ಬಳಕೆಯನ್ನೂ ಎಣಿಸಿದ. ವ್ಯಾಪಾರಿಗಳು ಗಮನಿಸಬೇಕಾದದ್ದು ಇಲ್ಲೇ: ಇದ್ದದ್ದಕ್ಕೆ ಗೆರೆ ಎಳೆದ, ಬರಲಿರುವುದಕ್ಕೆ ಬಾಗಿಲು ಹಾಕಿದ.

ನಿತ್ಯದ ಬಳಕೆಗೆ ಭೋಗೋಪಭೋಗ ಪರಿಮಾಣವಿದೆ. ರತ್ನಕರಂಡಕದ ಪ್ರಕಾರ ಒಮ್ಮೆ ಬಳಸಿ ಮುಗಿಯುವುದು ಭೋಗ, ಊಟದಂತೆ. ಮತ್ತೆ ಮತ್ತೆ ಬಳಸುವುದು ಉಪಭೋಗ, ಬಟ್ಟೆಯಂತೆ. ಜೀವನಪೂರ್ತಿಯ ತ್ಯಾಗ ಯಮ, ಕಾಲ ಗೊತ್ತುಮಾಡಿದ ತ್ಯಾಗ ನಿಯಮ. ಹೊಸಬರಿಗೆ ನಿಯಮವೇ ಸರಿ: ಚಾತುರ್ಮಾಸದ ನಾಲ್ಕು ತಿಂಗಳು ಹೊಸ ಬಟ್ಟೆ, ಪಾತ್ರೆ ಕೊಳ್ಳುವುದಿಲ್ಲ ಎಂದರೆ ಸಾಕು. ಶ್ವೇತಾಂಬರ ಮನೆಗಳಲ್ಲಿ ದಿನವೂ ಎಣಿಸುವ ಹದಿನಾಲ್ಕು ನಿಯಮಗಳಲ್ಲಿ ಬಟ್ಟೆ, ಪಾದರಕ್ಷೆ, ವಾಹನ ಮೂರೂ ಬರುತ್ತವೆ.

ಅಡುಗೆಮನೆಯಲ್ಲಿ ಹೆಚ್ಚು ಕೊಳ್ಳುವುದು ನೇರವಾಗಿ ಅಹಿಂಸೆಗೇ ತಗಲುತ್ತದೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನದ ಮರ್ಯಾದೆ ಪಾಲಿಸುವ ಮನೆಯಲ್ಲಿ, ಅಗ್ಗವೆಂದು ತಂದ ಹತ್ತು ಕಿಲೋ ಹಿಟ್ಟಿನ ಚೀಲಕ್ಕೆ ಜಾಗವಿಲ್ಲ. ಅಟ್ಟದ ಮೇಲಿನ ಹಳೆಯ ಗಂಟುಗಳೂ ಜಿರಲೆ, ಗೆದ್ದಲಿಗೆ ಮನೆಯಾಗುತ್ತವೆ. ಆಮೇಲೆ ಔಷಧ ಹೊಡೆಯುವ ಪ್ರಸಂಗ ಬರುತ್ತದೆ. ಗಟ್ಟಿಯಿರುವಾಗಲೇ ಅಗತ್ಯವಿದ್ದವರಿಗೆ ಕೊಡಬೇಕು. ಹರಿದದ್ದನ್ನು ಕೊಟ್ಟು ದಾನವೆಂದು ಬರೆದುಕೊಳ್ಳುವುದು ಸರಿಯಲ್ಲ.

ಭಗವಾನ್ ಮಹಾವೀರರ ನಿರ್ವಾಣ ದಿನವಾದ ದೀಪಾವಳಿಗೆ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಅದೇ ವಾರ ಸೀರೆ, ಅಂಗಿ, ಪಾತ್ರೆ, ಹಾಸಿಗೆಗಳನ್ನು ಎಣಿಸಿ ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಮುಂದಿನ ದೀಪಾವಳಿಯವರೆಗಿನ ಮಿತಿಯನ್ನು ಮನೆಯವರೆಲ್ಲ ಸೇರಿ ಗೊತ್ತುಮಾಡಬಹುದು. ಸೊಸೆಯ ಸೀರೆಗೆ ಮಿತಿ ಹಾಕಿ ಯಜಮಾನರ ಮೊಬೈಲನ್ನು ಬಿಟ್ಟರೆ ಆ ಹಾಳೆ ಹೆಚ್ಚು ದಿನ ನಡೆಯುವುದಿಲ್ಲ.