ಮುಕಾದಮನಿಂದ ಮೊಬೈಲಿನವರೆಗೆ

ದೌಂಡ ಅಂದರೆ ನಮ್ಮ ಕಡೆಯ ಬಹಳ ಜನಕ್ಕೆ ಒಂದು ಸ್ಟೇಷನ್ನಿನ ಹೆಸರು, ಅಷ್ಟೆ. ಕಲಬುರ್ಗಿ, ಸೊಲ್ಲಾಪುರ ದಾಟಿ ಬಂದ ಗಾಡಿಗಳು ಇಲ್ಲಿ ದಾರಿ ಬೇರೆ ಮಾಡಿಕೊಳ್ಳುತ್ತವೆ. ಉದ್ಯಾನ್ ಎಕ್ಸ್‌ಪ್ರೆಸ್ಸು ಪುಣೆ, ಮುಂಬೈಗೆ ಹೋದರೆ, ಕರ್ನಾಟಕ ಎಕ್ಸ್‌ಪ್ರೆಸ್ಸು ಮನಮಾಡದ ಮೇಲೆ ದಿಲ್ಲಿಗೆ ಹೋಗುತ್ತದೆ. ಊರ ಪಕ್ಕದಲ್ಲೇ ಭೀಮಾ ನದಿ. ಇದೇ ಭೀಮೆ ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರಗಳ ಕಡೆ ಇಳಿಯುತ್ತಾಳೆ. ನೀರು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಕೆಲಸ ಹುಡುಕುವ ಮಂದಿ ಅಲ್ಲಿಂದ ಇಲ್ಲಿಗೆ ಬರುತ್ತಾರೆ.

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದು, ರಿಟೈರ್ ಆದ ಮೇಲೂ ಇಲ್ಲೇ ಉಳಿದವನು. ನಮ್ಮ ಮಾಳಿಗೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಇರುವ ಹುಡುಗರು ಆಗಾಗ ಬದಲಾಗುತ್ತಾರೆ, ಅವರಿಗೆ ಬರುವ ಫೋನು ಮಾತ್ರ ಒಂದೇ ತರಹದ್ದು. ವಯಸ್ಸೆಷ್ಟು? ಹತ್ತನೇತ್ತೆ ಪಾಸೋ ಫೇಲೋ? ಎಂಟು ತಾಸು ನಿಂತು ಕೆಲಸ ಮಾಡಬಲ್ಲಿರಾ? ನೈಟ್ ಶಿಫ್ಟ್ ನಡೀತದಾ? ಆಧಾರ್, ಪಾಸ್‌ಬುಕ್ ಇದೆಯಾ? ಯಾವತ್ತು ಜಾಯಿನ್ ಆಗ್ತೀರಿ? ನಾಲ್ಕೈದು ನಿಮಿಷದಲ್ಲಿ ಎಲ್ಲಾ ಮುಗಿಯಿತು. ಕುರಕುಂಭದ ಎಂ.ಐ.ಡಿ.ಸಿ.ಯ ಕಾರ್ಖಾನೆ ಇರಲಿ, ಚಾಕಣದ ಗೋದಾಮು ಇರಲಿ, ಗೇಟಿಗೆ ಹೋಗುವ ಮೊದಲೇ ಆಯ್ಕೆ ಅರ್ಧ ಮುಗಿದಿರುತ್ತದೆ. ಇದೇನೂ ಒಂದೇ ದಿನದಲ್ಲಿ ಬಂದ ಪದ್ಧತಿಯಲ್ಲ. ಇದರ ಹಿಂದೆ ನೂರೈವತ್ತು ವರ್ಷದ ಇತಿಹಾಸ ಇದೆ.

ಜಿ.ಐ.ಪಿ. ರೈಲ್ವೆ 1860ರಲ್ಲಿ ಸೊಲ್ಲಾಪುರ ಮುಟ್ಟಿತು. 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಗೆ ಕೂಡಿತು. ದೌಂಡದಿಂದ ಮನಮಾಡಕ್ಕೆ ಹೋಗುವ ಲೈನು 1878ರಲ್ಲಿ ತೆರೆಯಿತು. ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ, ಜನ 'ಜುನಿ ಮಿಲ್' ಎಂದು ಕರೆಯುತ್ತಿದ್ದದ್ದು, 1877ರದ್ದು. ಕಲಬುರ್ಗಿಯಲ್ಲಿ ಮೆಹಬೂಬ್ ಶಾಹಿ ಮಿಲ್ ಶುರುವಾದದ್ದು 1884ರಲ್ಲಿ. ಅಂದರೆ ರೈಲು ಮತ್ತು ಗಿರಣಿ ಎರಡೂ ಹೆಚ್ಚುಕಡಿಮೆ ಜೊತೆಜೊತೆಗೇ ಬಂದವು. 1876ರಿಂದ 1878ರವರೆಗೆ ದಖ್ಖನಿಗೆ ಬಿದ್ದ ಮಹಾಬರ ಇದೇ ಕಾಲದ್ದು ಅನ್ನುವುದನ್ನೂ ಮರೆಯಬಾರದು. ಹೊಲ ಬಿಟ್ಟವನಿಗೆ ಹೋಗಲು ಒಂದು ದಾರಿ ಸಿಕ್ಕಿತು, ಹೋಗಿ ಸೇರಲು ಒಂದು ಜಾಗ ಸಿಕ್ಕಿತು.

ಆದರೆ ಗಿರಣಿಯ ಬಾಗಿಲಲ್ಲಿ ಅವನನ್ನು ಒಳಗೆ ಬಿಡುವವರು ಯಾರು? ಮಾಲೀಕನಂತೂ ಅಲ್ಲ. ಅದು ಜಾಬರನ ಅಧಿಕಾರ, ನಮ್ಮ ಮಂದಿಯ ಬಾಯಲ್ಲಿ ಮುಕಾದಮ. ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ರಜೆ ಕೊಡಬೇಕು, ಎಲ್ಲಾ ಅವನ ಕೈಯಲ್ಲೇ. ತನ್ನ ಊರಿನವರು, ತನ್ನ ಜಾತಿಯವರು, ತನಗೆ ಕಾಣಿಕೆ ಕೊಟ್ಟವರು ಅವನಿಗೆ ಮೊದಲು. ಆ ಕಾಣಿಕೆಗೆ 'ದಸ್ತೂರಿ' ಅಂತ ಒಂದು ಗೌರವದ ಹೆಸರೂ ಇತ್ತು! ಜೆ.ಎಚ್. ವ್ಹಿಟ್ಲಿ ಅವರ ಅಧ್ಯಕ್ಷತೆಯಲ್ಲಿ 1929ರಲ್ಲಿ ನೇಮಕವಾದ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಾಗ, ನೇಮಕದ ಅಧಿಕಾರವನ್ನು ಜಾಬರನಿಂದ ತೆಗೆದು ಲೇಬರ್ ಆಫೀಸರನಿಗೆ ಕೊಡಿರಿ ಎಂದು ಹೇಳಿತು. 1935ರಲ್ಲಿ ಮುಂಬೈ ಗಿರಣಿಗಳು ಬದಲಿ ಕೆಲಸಗಾರರಿಗೆ ಕಾರ್ಡು ಕೊಟ್ಟು ಪಟ್ಟಿ ಮಾಡುವ ಪದ್ಧತಿ ತಂದವು. ಮುಕಾದಮ ಸ್ವಲ್ಪ ಹಿಂದೆ ಸರಿದನೇ ಹೊರತು ಮರೆಯಾಗಲಿಲ್ಲ.

ಆದರೂ ಒಂದು ಮಾತು ಹೇಳಬೇಕು. ಮುಕಾದಮ ಸುಲಿಗೆ ಮಾಡುತ್ತಿದ್ದ ನಿಜ, ಆದರೆ ಅವನಿಗೊಂದು ಮುಖ ಇತ್ತು, ಮನೆ ಇತ್ತು. ಸಂಬಳ ಬಾರದಿದ್ದರೆ ಅವನ ಬಾಗಿಲಿಗೆ ಹೋಗಿ ಕೂಡಬಹುದಿತ್ತು. ಕಬ್ಬು ಕಡಿಯುವವರಲ್ಲಿ ಈ ಪದ್ಧತಿ ಇನ್ನೂ ಉಂಟು. ದೌಂಡ ತಾಲೂಕು ಕಬ್ಬಿನ ಸೀಮೆ. ಬೀಡ ಜಿಲ್ಲೆಯ ಕಡೆಯ ಗಂಡಹೆಂಡಿರ ಜೋಡಿಯನ್ನು ಒಂದು 'ಕೊಯತಾ' ಎಂದು ಲೆಕ್ಕ ಹಿಡಿದು, ಮುಕಾದಮ 'ಉಚಲ್' ಅಂದರೆ ಮುಂಗಡ ಹಣ ಕೊಟ್ಟು ಕರೆತರುತ್ತಾನೆ. ಹಂಗಾಮು ಪೂರ್ತಿ ಕಡಿದರೂ ಆ ಹಣ ತೀರದವರು ಎಷ್ಟೋ ಜನ.

ಸ್ವಾತಂತ್ರ್ಯದ ನಂತರ ಸರಕಾರ ಉದ್ಯೋಗ ವಿನಿಮಯ ಕೇಂದ್ರಗಳನ್ನು ಬೆಳೆಸಿತು. 1959ರ ಕಾಯಿದೆಯ ಪ್ರಕಾರ 25 ಅಥವಾ ಹೆಚ್ಚು ಜನ ಕೆಲಸಗಾರರಿದ್ದ ಖಾಸಗಿ ಸಂಸ್ಥೆಗಳೂ ಖಾಲಿ ಜಾಗದ ಸುದ್ದಿ ಕೊಡಬೇಕಾಗಿತ್ತು. ಆದರೆ ಆ ಕೇಂದ್ರದ ಮೂಲಕವೇ ತೆಗೆದುಕೊಳ್ಳಬೇಕು ಎಂಬ ಕಡ್ಡಾಯ ಮಾತ್ರ ಇರಲಿಲ್ಲ. ನಮ್ಮ ವಾರಿಗೆಯವರು ಎಂಪ್ಲಾಯ್‌ಮೆಂಟ್ ಕಾರ್ಡು ರಿನ್ಯೂವಲ್ ಮಾಡಿಸುತ್ತಾ, ಅಂಚೆಯಣ್ಣನ ದಾರಿ ಕಾಯುತ್ತಾ ಕೂತ ದಿನಗಳನ್ನು ನೀವೂ ಬಲ್ಲಿರಿ. 1962ರಲ್ಲಿ ಮಹಾರಾಷ್ಟ್ರದ ಎಂ.ಐ.ಡಿ.ಸಿ. ಸ್ಥಾಪನೆಯಾಗಿ, ಕಾರ್ಖಾನೆಗಳು ಮುಂಬೈ ಬಿಟ್ಟು ಹೊರಗೆ ಹರಡಿದವು. 1982ರ ಗಿರಣಿ ಮುಷ್ಕರದ ನಂತರ ಮುಂಬೈಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹೊಸ ಕಾರ್ಖಾನೆಗಳಲ್ಲಿ ಕಾಯಂ ಕೆಲಸಗಾರರಿಗಿಂತ ಗುತ್ತಿಗೆದಾರನ ಕೆಲಸಗಾರರು ಹೆಚ್ಚುತ್ತಾ ಹೋದರು.

ಇನ್ನು ಫೋನಿನ ಸಂಗತಿ. ನಾನು ಬ್ಯಾಂಕು ಸೇರಿದ ಹೊಸದರಲ್ಲಿ ಅರ್ಜಿಗಳಲ್ಲಿ ಫೋನ್ ನಂಬರಿನ ಮುಂದೆ 'ಪಿ.ಪಿ.' ಎಂದು ಬರೆದಿರುತ್ತಿತ್ತು. ಅಂದರೆ ಫೋನು ಇವರದಲ್ಲ, ಮಗ್ಗುಲ ಮನೆಯವರದು ಅಥವಾ ಕಿರಾಣಿ ಅಂಗಡಿಯವರದು. ಅವರು ಮನಸ್ಸು ಮಾಡಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಬಂದವು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಆದರೆ ಅದು ಶ್ರೀಮಂತರ ಸಾಮಾನು. ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿತ್ತು.

ಕಾಮರ್ಸ್ ಓದಿದವನಾಗಿ ನನಗೆ ಅನಿಸುವುದು, ಈ ಕತೆಯ ನಿಜವಾದ ತಿರುವು 1995 ಅಲ್ಲ, 2003. ಆ ವರ್ಷ ಕರೆ ಮಾಡುವವನೇ ಖರ್ಚು ಕೊಡಬೇಕೆಂಬ ಪದ್ಧತಿ ಬಂತು, ಇನ್‌ಕಮಿಂಗ್ ಫ್ರೀ ಆಯಿತು. ಬಡವನು ಒಂದು ಸಣ್ಣ ಹ್ಯಾಂಡ್‌ಸೆಟ್ಟು ಇಟ್ಟುಕೊಂಡು, ರೊಕ್ಕ ಖರ್ಚಿಲ್ಲದೆ ಸಂದರ್ಶನ ಕೊಡಬಲ್ಲವನಾದ. ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಗರಜು ಇದ್ದವರು ತಿರುಗಿ ಮಾಡುತ್ತಾರೆ. ಹಿಂದೆ ಇಂಡಿಯಿಂದ ಪುಣೆಗೆ ಬಂದು, ಗೇಟಿನ ಮುಂದೆ ನಿಂತು, 'ಜಾಗಾ ನಹೀ' ಎನ್ನಿಸಿಕೊಂಡು ತಿರುಗಿ ಹೋಗುವವನ ಚಾರ್ಜು, ಊಟ, ಎರಡು ದಿನದ ಕೂಲಿ ಎಲ್ಲಾ ನಷ್ಟದ ಬಾಬ್ತು. ಅದು ಉಳಿಯಿತು. 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ 'ಬಾಬಾಜಾಬ್' ಅಂತ ಮನೆಗೆಲಸದವರು, ಡ್ರೈವರುಗಳಿಗೆ ಕೆಲಸ ಹುಡುಕಿಕೊಡುವ ಸಂಸ್ಥೆ ಶುರುವಾಗಿ, 2017ರಲ್ಲಿ ಕ್ವಿಕರ್ ಕೈಸೇರಿತು. ಅದೇ 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ಕಂಪನಿಗಳಿಗೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ಕಡಿಮೆಯಾಗಿ, ದೊಡ್ಡ ಗೋದಾಮುಗಳು ಎದ್ದವು. ಅಲ್ಲಿ ಹಬ್ಬದ ಮುಂಚೆ ಒಮ್ಮೆಗೇ ನೂರಾರು ಕೈ ಬೇಕು. ಅಷ್ಟು ಜನರನ್ನು ಕೂಡಿಸಿ ಮಾತಾಡಿಸುವುದು ಆಗದ ಮಾತು. ಹಾಗಾಗಿ ಫೋನೇ ಗತಿ.

ಲಾಭದ ಬಾಬ್ತು ಇಷ್ಟಾದರೆ, ಖರ್ಚಿನ ಬಾಬ್ತೂ ನೋಡಬೇಕಲ್ಲ. ಮೊದಲನೆಯದು ಭಾಷೆ. ಫೋನಿನಲ್ಲಿ ಕೈಯ ಗಟ್ಟಿತನ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಪ್ರಶ್ನೆ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಹುಡುಗರಿಗೆ ಮರಾಠಿ ಶಾಲೆಯಿಂದಲೇ ಬಂದಿರುತ್ತದೆ, ಅವರು ಪಟಪಟ ಉತ್ತರ ಕೊಡುತ್ತಾರೆ. ಅಫಜಲಪುರದ ಹುಡುಗ ಒಂದು ಕ್ಷಣ ತಡವರಿಸಿದರೆ, ಆ ಕಡೆಯವರು 'ಇವನಿಗೆ ತಿಳಿಯುವುದಿಲ್ಲ' ಎಂದು ಮುಂದಿನ ನಂಬರಿಗೆ ಹೋಗುತ್ತಾರೆ. ಚೀಲ ಎತ್ತುವ ಕೆಲಸಕ್ಕೆ ವ್ಯಾಕರಣ ಏಕೆ ಬೇಕು ಅಂತ ಕೇಳುವವರಿಲ್ಲ.

ಎರಡನೆಯದು ಇನ್ನೂ ದೊಡ್ಡದು. ನಾನು ಸರ್ವಿಸಿನಲ್ಲಿದ್ದಾಗ ನಮ್ಮೂರ ಕಡೆಯ ಒಬ್ಬ ಹುಡುಗ ಕೌಂಟರಿಗೆ ಬಂದು, "ಸಾಹೇಬ್ರ, ಎರಡು ತಿಂಗಳ ಪಗಾರ ಜಮಾ ಆಗಿಲ್ರಿ" ಅಂದ. ಯಾವ ಗುತ್ತಿಗೆದಾರ ಎಂದು ಕೇಳಿದರೆ ಅವನಿಗೆ ಹೆಸರೇ ಗೊತ್ತಿಲ್ಲ. ಮೊಬೈಲು ತೆಗೆದು ತೋರಿಸಿದ. ಅದರಲ್ಲಿ 'ಕಂಪನಿ ಸರ್' ಎಂದು ಒಂದು ನಂಬರು. ನಾನೇ ಮಾಡಿ ನೋಡಿದೆ, ಸ್ವಿಚ್ ಆಫ್. ಮುಕಾದಮನಿಗೆ ಇದ್ದ ಮುಖ ಈ ನಂಬರಿಗೆ ಇರಲಿಲ್ಲ. ಪ್ರಾವಿಡೆಂಟ್ ಫಂಡ್ ಕೇಳುವುದಂತೂ ದೂರದ ಮಾತು. ಆ ಎರಡು ತಿಂಗಳ ಪಗಾರ ಅವನಿಗೆ ಸಿಗಲೇ ಇಲ್ಲ. ಈಗೀಗಂತೂ ಕೆಲಸ ಕೊಡುವ ಮೊದಲೇ 'ರಿಜಿಸ್ಟ್ರೇಷನ್ ಫೀ' ಕಳಿಸಿ ಎಂದು ಫೋನು ಮಾಡುವ ವಂಚಕರೂ ಇದ್ದಾರೆ. ಹಳೆಯ ದಸ್ತೂರಿಯೇ ಹೊಸ ಹೆಸರಿನಲ್ಲಿ ಬಂದಿದೆ. ವ್ಯತ್ಯಾಸ ಇಷ್ಟೇ, ದಸ್ತೂರಿ ಕೊಟ್ಟವನಿಗೆ ಕೆಲಸವಾದರೂ ಸಿಗುತ್ತಿತ್ತು.

ಕಾನೂನು ಏನು ಹೇಳುತ್ತಿತ್ತು? 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ, ಒಂದು ರಾಜ್ಯದಲ್ಲಿ ಗುತ್ತಿಗೆದಾರನು ನೇಮಿಸಿ ಇನ್ನೊಂದು ರಾಜ್ಯಕ್ಕೆ ಕರೆದೊಯ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಇಂಡಿಯಲ್ಲಿ ಕೂತು ಫೋನಿನಲ್ಲಿ ಉತ್ತರ ಕೊಟ್ಟು, ಜನರಲ್ ಡಬ್ಬಿಯ ಟಿಕೆಟು ತಾನೇ ತೆಗೆಸಿ ಬಂದವನನ್ನು ಎಲ್ಲಿ ನೇಮಿಸಿದರು? ಕರ್ನಾಟಕದಲ್ಲೋ, ಮಹಾರಾಷ್ಟ್ರದಲ್ಲೋ? ಒಂದು ಚೀಟಿಯೂ ಇಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಇಂಥವರ ಪಟ್ಟಿ ಸರಕಾರಗಳ ಬಳಿ ಇರಲಿಲ್ಲವೆಂಬುದು ಇಡೀ ದೇಶಕ್ಕೆ ಗೊತ್ತಾಯಿತು. 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ತಾನಾಗಿಯೇ ಬಂದು ಕೆಲಸ ಹಿಡಿದವನೂ ತಿಂಗಳ ವೇತನ 18,000 ರೂಪಾಯಿ ಮೀರದಿದ್ದರೆ ವಲಸೆ ಕಾರ್ಮಿಕನೇ. ಊರಿಗೆ ಹೋಗಿಬರುವ ಖರ್ಚಿನ ಮಾತೂ ಅದರಲ್ಲಿದೆ. ಹಳೆಯ ಕಾಯಿದೆಯಲ್ಲಿದ್ದ ಸ್ಥಳಾಂತರ ಭತ್ಯೆ ಮಾತ್ರ ಬಿಟ್ಟುಹೋಗಿದೆ. ಜಮೆಯೂ ಇದೆ, ಖರ್ಚೂ ಇದೆ.

ಈ ಸವಲತ್ತು ಪಡೆಯಲು ಬೇಕಾದದ್ದು ಒಂದು ಕಾಗದ. ಆದ್ದರಿಂದ ಊರಲ್ಲಿರುವ ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಓಣಿಯ ಹುಡುಗನಿಗೆ ಪುಣೆ ಕಡೆಯಿಂದ ಇಂಥ ಫೋನು ಬಂದರೆ, ಇಡುವ ಮುಂಚೆ ಅವನೂ ಮೂರು ಪ್ರಶ್ನೆ ಕೇಳಲಿ. ಸಂಬಳ ಕೊಡುವ ಗುತ್ತಿಗೆದಾರನ ಪೂರ್ತಿ ಹೆಸರೇನು? ಕೈಗೆ ಬರುವುದೆಷ್ಟು, ಪಿ.ಎಫ್. ಮುರಿಯುವುದೆಷ್ಟು? ಇದನ್ನೆಲ್ಲಾ ಮೆಸೇಜಿನಲ್ಲಿ ಬರೆದು ಕಳಿಸುತ್ತೀರಾ? ಕೆಲಸ ಕೊಡುವ ಮುಂಚೆ ದುಡ್ಡು ಕೇಳಿದರೆ ಅಲ್ಲಿಗೇ ಫೋನು ಇಟ್ಟುಬಿಡಲಿ. ಸಂಬಳ ನಗದಾಗಿ ಬೇಡ, ಖಾತೆಗೇ ಬರಲಿ. ಪಾಸ್‌ಬುಕ್ಕಿನ ಒಂದು ಎಂಟ್ರಿ ಎಷ್ಟು ದೊಡ್ಡ ಸಾಕ್ಷಿ ಎಂಬುದನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೌಂಟರಿನ ಒಳಗೆ ಕೂತು ನೋಡಿದವನ ಮಾತಿದು.